‘ಸ್ಪೈಡರ್‌ಮ್ಯಾನ್ 2’ ಮೊದಲ ಚಿತ್ರಕ್ಕಿಂತ ಉತ್ತಮವೇ?

ಓದುಗರ ಪ್ರಶ್ನೆ: ಸೂಪರ್‌ಹೀರೋ ಚಿತ್ರಗಳ ಎರಡನೆಯ ಭಾಗಗಳ ಮಾತು ಬಂದಾಗಲೆಲ್ಲ ‘ಸ್ಪೈಡರ್‌ಮ್ಯಾನ್ 2’ ಅನ್ನು ಹೊಗಳುತ್ತಾರೆ. ಅದು ನಿಜಕ್ಕೂ ಮೊದಲನೆಯದನ್ನು ಮೀರಿಸಿದೆಯೇ?

ಉತ್ತರ: ಮೀರಿಸಿದೆ ಎಂಬುದೇ ನನ್ನ ಅಭಿಪ್ರಾಯ, ಆದರೆ ಹೊಡೆದಾಟಗಳು ದೊಡ್ಡದಾದವು ಎಂಬ ಕಾರಣಕ್ಕಲ್ಲ. ಸ್ಯಾಮ್ ರೈಮಿ ನಿರ್ದೇಶಿಸಿದ 2002ರ ಚಿತ್ರಕ್ಕೆ ನಾಯಕನ ಹುಟ್ಟಿನ ಕಥೆಯೇ ಬಲವಾಗಿತ್ತು. ಜೇಡ ಕಚ್ಚುವುದು, ಪೀಟರ್ ಪಾರ್ಕರ್ ಗೋಡೆ ಹತ್ತುವುದನ್ನು ಕಲಿಯುವುದು, ಅವನು ತಡೆಯದೆ ಬಿಟ್ಟ ಕಳ್ಳನಿಂದಲೇ ಅವನನ್ನು ಸಾಕಿದ ಅಂಕಲ್ ಬೆನ್ ಸಾಯುವುದು, ಹೀಗೆ ಒಂದು ಘಟನೆ ತಾನಾಗಿಯೇ ಇನ್ನೊಂದನ್ನು ಎಳೆದು ತರುತ್ತದೆ. ಅದೇ ನಿರ್ದೇಶಕರು ಪೀಟರ್ ಪಾತ್ರಕ್ಕೆ ಟೋಬಿ ಮಗ್ವಾಯರ್ ಅವರನ್ನೇ ಇಟ್ಟುಕೊಂಡು 2004ರಲ್ಲಿ ಮಾಡಿದ ಎರಡನೆಯ ಚಿತ್ರಕ್ಕೆ ಈ ಅನುಕೂಲವಿರಲಿಲ್ಲ, ಏಕೆಂದರೆ ಶಕ್ತಿ ಬಂದಾಗಿದೆ, ಕಲಿಕೆಯೂ ಮುಗಿದಿದೆ. ಹೀಗಾಗಿ ಅದು ಆ ಶಕ್ತಿಯನ್ನು ಹೊತ್ತುಕೊಂಡು ಬದುಕಲು ಏನೇನು ಕಳೆದುಕೊಳ್ಳಬೇಕಾಗುತ್ತದೆ ಎಂಬುದನ್ನೇ ಕಥೆಯಾಗಿಸಿಕೊಂಡಿತು.

ಚಿತ್ರದ ಆರಂಭದಲ್ಲೇ ಪೀಟರ್ ಪಿಜ್ಜಾ ತಲುಪಿಸುವ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಬಾಕಿ ಇದೆ, ಓದು ಹಿಂದೆ ಬಿದ್ದಿದೆ, ಪ್ರೀತಿಸಿದವಳ ನಾಟಕಕ್ಕೂ ಸಮಯಕ್ಕೆ ತಲುಪಲಾಗುವುದಿಲ್ಲ. ಇವುಗಳಲ್ಲಿ ಒಂದಕ್ಕೂ ಖಳನಾಯಕ ಕಾರಣನಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಅವನ ಶಕ್ತಿಯೇ ಕೈಕೊಡುತ್ತದೆ, ಬಲೆ ಬರುವುದು ನಿಂತು ಅವನು ಎತ್ತರದಿಂದ ಬೀಳುತ್ತಾನೆ, ಕೊನೆಗೆ ತನ್ನ ವೇಷವನ್ನೇ ಕಸಕ್ಕೆ ಎಸೆಯುತ್ತಾನೆ. ಮನಸ್ಸು ಒಪ್ಪದ ಹೊರೆಯನ್ನು ದೇಹವೂ ಹೊರಲಾರದು ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಸೂಪರ್‌ಹೀರೋ ಚಿತ್ರಗಳು ಕಡಿಮೆ.

ಖಳನಾಯಕರ ವಿಷಯದಲ್ಲೂ ವ್ಯತ್ಯಾಸ ಸ್ಪಷ್ಟವಾಗಿದೆ. ಮೊದಲ ಚಿತ್ರದಲ್ಲಿ ವಿಲೆಮ್ ಡಫೋ ಅವರ ಅಭಿನಯ ಅದ್ಭುತವಾಗಿದ್ದರೂ ಗ್ರೀನ್ ಗಾಬ್ಲಿನ್ ವೇಷದ ಗಟ್ಟಿ ಮುಖವಾಡ ಅದನ್ನು ಮುಚ್ಚಿಬಿಡುತ್ತದೆ, ಎದುರಿಗಿರುವ ನಾಯಕನಿಗೂ ಮುಖವಿಲ್ಲ. ಎರಡನೆಯದರಲ್ಲಿ ಆಲ್ಫ್ರೆಡ್ ಮೊಲಿನಾ ಅವರ ಡಾಕ್ಟರ್ ಆಕ್ಟೋಪಸ್‌ನ ಮುಖ ನಮಗೆ ಕಾಣುತ್ತದೆ, ಪೀಟರ್ ಗೌರವಿಸುತ್ತಿದ್ದ ವಿಜ್ಞಾನಿ ಅವನೇ ಎಂಬ ನೋವೂ ಅದರ ಜೊತೆಗಿರುತ್ತದೆ. ರೈಲಿನ ಪ್ರಸಿದ್ಧ ದೃಶ್ಯದಲ್ಲಿ ಪೀಟರ್‌ನ ಮುಖವಾಡವೂ ಇಲ್ಲದಿರುವುದರಿಂದ ರೈಲನ್ನು ತಡೆಯುವ ಯಾತನೆ ನಮಗೆ ನೇರವಾಗಿ ತಟ್ಟುತ್ತದೆ. ಈ ಚಿತ್ರ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು, ಆದರೂ ನೆನಪಿನಲ್ಲಿ ಉಳಿಯುವುದು ಆ ಮುಖಗಳೇ. ಖಳರ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಇಂಥ ಆಳ ಬರುವುದಿಲ್ಲ ಎಂಬುದಕ್ಕೆ 2007ರ ಮೂರನೆಯ ಚಿತ್ರವೇ ಸಾಕ್ಷಿ.

ಹಾಗೆಂದು ಮೊದಲನೆಯದನ್ನು ಬದಿಗಿಡುವಂತಿಲ್ಲ. ವಿಶ್ವಾದ್ಯಂತ ಗಳಿಕೆಯಲ್ಲಿ ಅದೇ ಮುಂದಿತ್ತು. ಹೊಸ ಶಕ್ತಿಯನ್ನು ಕಂಡುಕೊಳ್ಳುವ ಹುಡುಗನ ಸಂಭ್ರಮವನ್ನು ಎರಡನೆಯದು ಮತ್ತೆ ಕೊಡಲಾರದು. ಅದಕ್ಕಿಂತ ಮುಖ್ಯವಾಗಿ, ಬೆನ್ ಸಾವಿನಲ್ಲಿ ತನ್ನ ಪಾಲಿದೆಯೆಂದು ಪೀಟರ್ ಬೆನ್ ಪತ್ನಿ ಆಂಟ್ ಮೇ ಮುಂದೆ ಒಪ್ಪಿಕೊಳ್ಳುವ ಎರಡನೆಯ ಚಿತ್ರದ ದೃಶ್ಯದ ತೂಕವೆಲ್ಲ 2002ರ ಚಿತ್ರದಿಂದ ಬಂದದ್ದು. ಆ ಸಾವನ್ನು ಕಣ್ಣಾರೆ ನೋಡಿರದ ಪ್ರೇಕ್ಷಕರಿಗೆ ಅಲ್ಲಿ ಒಂದು ಮಾಹಿತಿ ಸಿಗಬಹುದೇ ಹೊರತು ಪೀಟರ್‌ನ ಸಂಕಟ ಸಿಗುವುದಿಲ್ಲ. ಎರಡನೆಯದೇ ಉತ್ತಮವೆಂಬ ಮಾತು ಕೇಳಿ ನೇರವಾಗಿ ಅಲ್ಲಿಂದ ಆರಂಭಿಸುವವರಿಗೆ ಆ ಚಿತ್ರ ಏಕೆ ಉತ್ತಮವೆಂಬುದು ಪೂರ್ತಿಯಾಗಿ ತಿಳಿಯಲಾರದು.