ಸಣ್ಣ ಆಂಪ್ಲಿಫೈಯರ್, ಸುಟ್ಟ ಟ್ವೀಟರ್

ತಂಗಿ ಮಗನ ಹುಟ್ಟುಹಬ್ಬಕ್ಕೆ ಹಾಡು ಹಾಕಿದ್ದೆವು. ಆಂಪ್ಲಿಫೈಯರ್ 30 ವಾಟ್‌ನದು. ಸ್ಪೀಕರ್ ಹಿಂದೆ 100 ವಾಟ್ ಅಂತ ಬರೆದಿತ್ತು. ತಡೆಯುವ ಶಕ್ತಿ ಇದೆಯಲ್ಲ ಅಂದುಕೊಂಡು ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಹಾಡು ಕಂಬಳಿ ಹೊದ್ದ ಹಾಗೆ ಮಂಕಾಯಿತು. ಡ್ರಮ್ ಕೇಳುತ್ತಿತ್ತು, ತಾಳದ ಕಿಣಿಕಿಣಿ ಹೋಗಿತ್ತು.

ಮರುದಿನ ಟ್ವೀಟರ್, ಅಂದರೆ ಪೆಟ್ಟಿಗೆಯೊಳಗೆ ಕೀರಲು ದನಿ ನುಡಿಸುವ ಸಣ್ಣ ಸ್ಪೀಕರ್, ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಬೀಪ್ ಬರಲಿಲ್ಲ. ಒಳಗಿನ ಕಾಯಿಲ್ ಅಂದರೆ ಕೂದಲೆಳೆಯಂಥ ತಂತಿಯ ಸುತ್ತು. ಅದು ಒಂದು ಕಡೆ ಕಪ್ಪಾಗಿ ತುಂಡಾಗಿತ್ತು. ಸುಟ್ಟ ವಾರ್ನಿಷ್ ವಾಸನೆ ಇನ್ನೂ ಇತ್ತು.

30 ವಾಟ್ ಹೋಗಿ 100 ವಾಟ್ ಸ್ಪೀಕರನ್ನು ಸುಟ್ಟಿದ್ದು ಹೇಗೆ?

100 ವಾಟ್ ಅನ್ನುವುದು ಇಡೀ ಪೆಟ್ಟಿಗೆಯ ಲೆಕ್ಕ. ಹಾಡಿನ ಶಕ್ತಿಯಲ್ಲಿ ದೊಡ್ಡ ಪಾಲು ತಗ್ಗು ದನಿಗಳದ್ದು, ಅದನ್ನು ಪೆಟ್ಟಿಗೆಯ ದೊಡ್ಡ ಸ್ಪೀಕರ್ ಆದ ವೂಫರ್ ಹೊರುತ್ತದೆ. ಟ್ವೀಟರ್‌ಗೆ ಬರುವುದು ಚೂರುಪಾರು. ಹಾಗಾಗಿ ಅದನ್ನು ಹಗುರವಾಗಿ ಮಾಡಿರುತ್ತಾರೆ. ಎಡೆಬಿಡದೆ ಬಂದರೆ ಅದು ತಡೆಯುವುದು ಕೆಲವೇ ವಾಟ್.

ಆಂಪ್ಲಿಫೈಯರ್‌ಗೂ ಒಂದು ಸೂರು ಇರುತ್ತದೆ. ದನಿಯ ಅಲೆ ಅದಕ್ಕಿಂತ ಎತ್ತರ ಏಳಲು ಹೋದರೆ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಅಲೆ ಪೂರ್ತಿ ಚಪ್ಪಟೆಯಾದರೆ 30 ವಾಟ್‌ನ ಆಂಪ್ಲಿಫೈಯರ್ 60 ವಾಟ್‌ವರೆಗೂ ಕಾರಬಹುದು. ಇನ್ನೂ ಕೆಟ್ಟದ್ದು ಏನಂದ್ರೆ, ಬಾಸ್ ಸೂರಿಗೆ ತಾಗಿ ನಿಂತ ಮೇಲೂ ವಾಲ್ಯೂಮ್ ಏರಿಸಿದಷ್ಟೂ ಕೀರಲು ದನಿಗಳು ಏರುತ್ತಲೇ ಇರುತ್ತವೆ. ಚಪ್ಪಟೆ ಅಂಚಿನಿಂದ ಹಾಡಿನಲ್ಲೇ ಇಲ್ಲದ ಕೀರಲು ದನಿಗಳೂ ಹುಟ್ಟುತ್ತವೆ. ಎಲ್ಲವೂ ಬಂದು ಬೀಳುವುದು ಬಡಪಾಯಿ ಟ್ವೀಟರ್ ಮೇಲೆ. ಮನೆಯ ಸ್ಪೀಕರ್‌ಗೆ ಹೋದ ಕರೆಂಟಿನಲ್ಲಿ ಸದ್ದಾಗುವುದು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಬಿಸಿ.

ಹಾಗಂತ ದೊಡ್ಡ ಆಂಪ್ಲಿಫೈಯರ್ ತಂದರೆ ಭಯವಿಲ್ಲ ಅಂತಲ್ಲ, ಅದೂ ಸುಡಬಲ್ಲದು. ಆದರೆ ಹದವಾಗಿ ಕೇಳುವವರಿಗೆ ಅದು ಏದುಸಿರು ಬಿಡದೆ ನುಡಿಸುತ್ತದೆ. 100 ವಾಟ್ ಸ್ಪೀಕರ್‌ಗೆ ಹೆಚ್ಚುಕಮ್ಮಿ ಅಷ್ಟೇ ವಾಟ್‌ನದು ಸಾಕು. ಆರ್‌ಎಂಎಸ್ ವಾಟ್ ನೋಡಿ, ಅಂದರೆ ಎಡೆಬಿಡದೆ ಕೊಡಬಲ್ಲ ನಿಜವಾದ ಶಕ್ತಿ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಪಿಎಂಪಿಒ ಅನ್ನುವ ಉಬ್ಬಿಸಿದ ಅಂಕಿಯನ್ನು ನಂಬಲೇಬೇಡಿ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ; ಆಂಪ್ಲಿಫೈಯರ್ ಹಿಂದೆ ‘ಕನಿಷ್ಠ 8 ಓಮ್’ ಅಂತಿದ್ದರೆ 4 ಓಮ್ ಸ್ಪೀಕರ್ ಹಾಕಬೇಡಿ.

ಸ್ಪೀಕರ್ ಕೊಳ್ಳುವಾಗ ಹೆಚ್ಚಿನವರು ಕೇಳದ ಅಂಕಿ ಒಂದಿದೆ, ಸೆನ್ಸಿಟಿವಿಟಿ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಅನ್ನುವುದು. 87ರ ಬದಲು 90 ಇರುವ ಸ್ಪೀಕರ್ ಅರ್ಧ ವಾಟ್‌ನಲ್ಲೇ ಅಷ್ಟು ಸದ್ದು ಮಾಡುತ್ತದೆ. ವಾಟ್ ಎರಡರಷ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಅಂತ ಕಿವಿಗೆ ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. 30ರ ಜಾಗಕ್ಕೆ 40 ವಾಟ್ ತಂದರೆ ಸುಮ್ನೆ ದುಡ್ಡು ದಂಡ.

ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅದೇ ಅಳತೆಯ ಟ್ವೀಟರ್ ಸಿಕ್ಕಿತು. ಆಂಪ್ಲಿಫೈಯರ್ ಬದಲಿಸಲಿಲ್ಲ. ಈಗ ಹಾಡುವವರ ‘ಸ’, ‘ಶ’ಗಳ ಮೇಲೆ ಕಿವಿ ಇಟ್ಟಿರುತ್ತೇನೆ. ಅವು ಒಡೆದು ಚುಚ್ಚತೊಡಗಿದ ಕೂಡಲೇ ವಾಲ್ಯೂಮ್ ಇಳಿಸುತ್ತೇನೆ.