ಉಂಡಿ ಬಂತು, ಡಬ್ಬಿ ಎಲ್ಲೆ ಹೋತು?

ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ಚೀಲ ತೂಗೋ ಒಂದ್ ಎಲೆಕ್ಟ್ರಾನಿಕ್ ಕಾಟಾಕ್ಕ ನಾ ಪೈಥಾನ್ ಸ್ಕ್ರಿಪ್ಟ್ ಬರದಿದ್ದೆ. ಕಾಟಾದ ಜೋಡಿ ಸಿ ಭಾಷಾದ ಲೈಬ್ರರಿ ಬಂದಿತ್ತು, ಅದನ್ನ ಸಿಟೈಪ್ಸ್ (ಪೈಥಾನ್‌ನಿಂದ ಸಿ ಕೋಡ್ ಕರಿಯೋ ಸಾಧನ) ಹಚ್ಚಿ ಕರದ್ರ ತೂಕ ಬರ್ತಿತ್ತು, ಮುಂಜಾನೆ ಎಲ್ಲಾ ಚಲೋನ ಇರ್ತಿತ್ತು, ಸಂಜಿ ಆಗೂದ್ರಾಗ 1 ಜಿಬಿ ರ‍್ಯಾಮ್ ಇದ್ದ ಆ ಸಣ್ಣ ಕಂಪ್ಯೂಟರ್ ಗಪ್. ಹಮಾಲರು ಚೀಲ ಹೊತ್ಕೊಂಡು ನಿಂತಾರ, ದಲಾಲರು ನನ್ನ ಮಾರಿ ನೋಡಾಕತ್ತಾರ. ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಸರಿ!

ಮದಲ ಪೈಥಾನ್‌ಗ ಬೈದೆ. ಆದ್ರ ಖರೇ ಅಂದ್ರ ಪೈಥಾನ್ ತನ್ನ ಸಾಮಾನಿನ ಲೆಕ್ಕಾ ತಾನ ಇಡ್ತೈತಿ, ಒಂದ್ ವಸ್ತುನ ಎಷ್ಟ್ ಕಡೆ ಹಿಡ್ಕೊಂಡಾರ ಅಂತ ಎಣಿಸಿ, ಎಣಿಕಿ ಸೊನ್ನಿಗೆ ಬಂತಂದ್ರ ಮೆಮೊರ್ಯಾಗಿನ ಜಾಗಾ ಖಾಲಿ ಮಾಡ್ತೈತಿ. ಸಿ ಮನಿತನದಾಗ ಈ ಪದ್ಧತಿ ಇಲ್ಲ. ಮ್ಯಾಲಾಕ್ ಅಂತ ಕೇಳಿ ಜಾಗಾ ತಗೊಂಡ್ರ, ಫ್ರೀ ಅಂತ ಹೇಳಿ ಹೊಳ್ಳಿ ಕೊಡಬೇಕು. ಎರಡೂ ಮನಿ ನಡುವ ಬಂದ ಸಾಮಾನು ಯಾರದು ಅನ್ನೂದ ಇಲ್ಲಿ ಜಗಳ.

ಪಂಚಮಿಗೆ ಬಾಜೂ ಮನಿಯವರು ಡಬ್ಬಿ ತುಂಬ ಶೇಂಗಾ ಉಂಡಿ ಕಳಸ್ತಾರಲ್ಲ, ನೀವು ಉಂಡಿ ನಿಮ್ಮ ಡಬ್ಬಿಗೆ ಹಾಕ್ಕೊಂಡು ಅವರ ಡಬ್ಬಿ ಮಾಳಿಗಿ ಮ್ಯಾಲೆ ಒಗದು, ಎಲ್ಲೆ ಒಗದ್ರಿ ಅನ್ನೂದ ಮರತ್ರ? ನನ್ನ ಸ್ಕ್ರಿಪ್ಟ್ ಹಂಗ ಮಾಡ್ತಿತ್ತು. ತೂಕ ಕೊಡೋ ಲೈಬ್ರರಿ ಫಂಕ್ಷನ್ ಹೊಳ್ಳಿ ಕೊಡೂದು ಸಿ_ಚಾರ್_ಪಿ (ಅಕ್ಷರದ ಸಾಲು) ಅಂತ ಹೇಳಿದ್ದೆ. ಹಂಗ ಹೇಳಿದ್ರ ಸಿಟೈಪ್ಸ್ ಒಳಗಿನ ಅಕ್ಷರ ಅಷ್ಟ ಕಾಪಿ ಮಾಡಿ ಕೈಯಾಗ ಇಡ್ತೈತಿ, ಮೆಮೊರ್ಯಾಗ ಅವು ಇದ್ದ ಮೂಲ ಅಡ್ರೆಸ್ ಬಿಟ್ಟ ಬಿಡ್ತೈತಿ, ಆಮ್ಯಾಲೆ ಫ್ರೀ ಮಾಡ್ಬೇಕಂದ್ರೂ ಏನನ್ನ ಮಾಡ್ತೀರಿ? ಒಂದ್ ರೀಡಿಂಗಿಗೆ 1 ಕೆಬಿ, ಸೆಕೆಂಡಿಗೆ 20 ರೀಡಿಂಗ್, ತಾಸಿಗೆ 72,000 ಡಬ್ಬಿ ಅಂದ್ರ ಸುಮಾರು 70 ಎಂಬಿ. ಹತ್ತ್ ತಾಸಿಗೆ 700.

ಸಿ_ಚಾರ್_ಪಿ ತಗದು ಸಿ_ವಾಯ್ಡ್_ಪಿ (ಬರೇ ಅಡ್ರೆಸ್) ಹಾಕಿದೆ, ಅಡ್ರೆಸ್ ಕೈಗೆ ಬಂತು, ಅಲ್ಲಿದ್ದ ಅಕ್ಷರ ಸ್ಟ್ರಿಂಗ್_ಅಟ್‌ಲೇ ಓದಿ, ಆ ಲೈಬ್ರರಿದ ಫ್ರೀ ಫಂಕ್ಷನ್‌ಗ ಹೊಳ್ಳಿ ಕೊಟ್ಟೆ. ಅದರದ ಫ್ರೀ ಯಾಕ ಅಂದ್ರ ಲೈಬ್ರರಿ ಜಾಗಾ ತಗೊಂಡ ಕಡೆ ಬ್ಯಾರೆ ಇರಬಹುದು, ಒಬ್ಬರ ಅಂಗಡಿ ಭಾಂಡೆ ಇನ್ನೊಬ್ಬರ ಅಂಗಡಿಗೆ ಕೊಟ್ರ ನಡೀತೈತೇನು.

ಓಡ್ಸಿದ್ರ ಸೆಗ್‌ಫಾಲ್ಟ್, ಅಂದ್ರ ಮುಟ್ಟಬಾರದ ಮೆಮೊರಿ ಮುಟ್ಟಿ ಸ್ಕ್ರಿಪ್ಟ್ ಬಂದ್! ಫ್ರೀಗೆ ಏನು ಕಳಸಾಕತ್ತೀನಿ ಅಂತ ಟೈಪ್ ಹೇಳಿರ್ಲಿಲ್ಲ. ಹೇಳ್ಲಿಲ್ಲಂದ್ರ ಸಿಟೈಪ್ಸ್ ಅದನ್ನ ಸಾದಾ ಇಂಟ್ (32 ಬಿಟ್ಟಿನ ಸಣ್ಣ ಸಂಖ್ಯಾ) ಅಂತ ತಿಳೀತೈತಿ, 64 ಬಿಟ್ ಅಡ್ರೆಸ್ಸಿನಾಗ 32 ಬಿಟ್ ಅಷ್ಟ ದಾಟಿ ಹೋಗ್ತಾವು. ಮೊಬೈಲ್ ನಂಬರಿನ ಕಡೀ ಐದ್ ಅಂಕಿ ಅಷ್ಟ ಒತ್ತಿ ಫೋನ್ ಹಚ್ಚಿದಂಗ.

ಇದರ ಉಲ್ಟಾ ಇನ್ನೊಂದು. ಚೀಲ ಇಟ್ಟ ಕೂಡ್ಲೆ ನನ್ನ ಪೈಥಾನ್ ಫಂಕ್ಷನ್ ಕರಿ ಅಂತ ಲೈಬ್ರರಿಗೆ ಕಾಲ್‌ಬ್ಯಾಕ್ ಕೊಟ್ಟಿದ್ದೆ. ಸಿ ಕಡೆ ಅದನ್ನ ಹಿಡ್ಕೊಂಡದ್ದು ಪೈಥಾನ್ ಎಣಿಕ್ಯಾಗ ಬರೂದಿಲ್ಲ, ಯಾರಿಗೂ ಬ್ಯಾಡ ಅಂತ ಅಳಿಸಿ ಬಿಡ್ತೈತಿ, ಆಮ್ಯಾಲೆ ಲೈಬ್ರರಿ ಕರದ್ರ ಅಲ್ಲಿ ಯಾರೂ ಇರಂಗಿಲ್ಲ. ಅದಕ್ಕ ಕಾಲ್‌ಬ್ಯಾಕನ್ನ ಒಂದ್ ವೇರಿಯೇಬಲ್‌ನ್ಯಾಗ ಸುಮ್ನ ಹಿಡದಿಟ್ಟೆ. ಅದನ್ನ ಮುಂದ ಎಲ್ಲೂ ಬಳಸಿಲ್ಲ ಅಂತ ನಮ್ಮ ಹೊಸಾ ಹುಡುಗ ಒಂದಿನ ಕೋಡ್ ಕ್ಲೀನ್ ಮಾಡೂ ಹುರುಪಿನ್ಯಾಗ ತಗದ ಒಗದ, ಮರುದಿನ ಮಾರ್ಕೆಟ್‌ನಿಂದ ಮತ್ತ ಫೋನ್. ಈಗ ಆ ಲೈನಿನ ಮ್ಯಾಲೆ ಕಾಮೆಂಟ್ ಐತಿ: ‘ಇದನ್ನ ಮುಟ್ಟಬ್ಯಾಡೋ ಮಾರಾಯಾ.’