ತೂಕ ಎತ್ತಿದರೆ ಮೈ ಗಂಡಸಿನ ಹಾಗಾಗುತ್ತದೆಯೇ?

ಪ್ರಶ್ನೆ: ಜಿಮ್ ಸೇರಿ ಕೆಲವು ತಿಂಗಳಾಯಿತು. ಟ್ರೆಡ್‌ಮಿಲ್, ಸೈಕಲ್ ಎರಡೂ ಬೇಜಾರಾಗಿ, ತುದಿಗಳಿಗೆ ಭಾರದ ಪ್ಲೇಟ್ ಹಾಕಿ ಎತ್ತುವ ಬಾರ್‌ಬೆಲ್ ಕಡೆ ಹೋಗೋಣ ಅನ್ನಿಸುತ್ತಿದೆ. ಟ್ರೈನರ್, "ಮೇಡಂ, ನಿಮಗೆ ಅದೆಲ್ಲ ಯಾಕೆ, ಎರಡು ಕೆಜಿ ಡಂಬೆಲ್ ಸಾಕು" ಅಂತಾರೆ. ಅಮ್ಮ, "ಭುಜ ಅಗಲ ಆಗಿ ಗಂಡಸಿನ ಥರ ಕಾಣ್ತೀಯ ನೋಡು" ಅಂತಾಳೆ. ನಿಜವಾಗಿಯೂ ಹಾಗಾಗುತ್ತದೆಯೇ?

ಆಗುವುದಿಲ್ಲ. ಆದರೆ ಅಷ್ಟೇ ಹೇಳಿ ಕೈತೊಳೆದುಕೊಂಡರೆ ನಾಳೆ ಟ್ರೈನರ್ ಎದುರು ನಿಂತಾಗ ನಿಮ್ಮ ಹತ್ತಿರ ಮಾತಿರುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಹರೆಯದಲ್ಲಿ ಗಂಡುಮಕ್ಕಳ ಭುಜ ಅಗಲವಾಗುವುದು, ಸ್ನಾಯು ತುಂಬಿಕೊಳ್ಳುವುದು ಮುಖ್ಯವಾಗಿ ಟೆಸ್ಟೋಸ್ಟಿರಾನ್ ಹಾರ್ಮೋನಿನ ಕೆಲಸ. ಅದು ಹೆಂಗಸರ ಮೈಯಲ್ಲೂ ಇದೆ, ಆದರೆ ಬಹಳ ಕಡಿಮೆ. ವಯಸ್ಕ ಗಂಡಸಿನ ರಕ್ತದಲ್ಲಿ ಅದರ ಪ್ರಮಾಣ ಹೆಂಗಸಿನದಕ್ಕಿಂತ ಸುಮಾರು 15 ಪಟ್ಟು. ಬಾರ್‌ಬೆಲ್ ಎತ್ತಿದ ಮಾತ್ರಕ್ಕೆ ಈ ಅಂತರ ಮುಚ್ಚಿಹೋಗುವುದಿಲ್ಲ. ಭುಜದ ಮೂಳೆಯ ಅಗಲವಂತೂ ಹರೆಯ ಮುಗಿಯುವಷ್ಟರಲ್ಲೇ ತೀರ್ಮಾನವಾಗಿರುತ್ತದೆ.

ಹಾಗಾದರೆ ಸ್ನಾಯು ಬೆಳೆಯುವುದೇ ಇಲ್ಲವೇ? ಬೆಳೆಯುತ್ತದೆ. ನಿಮ್ಮ ಸಮಾಧಾನಕ್ಕೆಂದು "ಹೆಂಗಸರಿಗೆ ಸ್ನಾಯು ಬರೋದೇ ಇಲ್ಲ" ಎನ್ನುವವರ ಮಾತನ್ನೂ ನಂಬಬೇಡಿ. ಒಂದೇ ಬಗೆಯ ತರಬೇತಿ ಕೊಟ್ಟರೆ ಇದ್ದ ಸ್ನಾಯುವಿನ ಮೇಲೆ ಶೇಕಡಾ ಎಷ್ಟು ಹೆಚ್ಚಿತು ಎಂಬ ಲೆಕ್ಕದಲ್ಲಿ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸಮಾನವಾಗಿ ಬೆಳೆಯುತ್ತಾರೆ. ಆದರೆ ಹೆಂಗಸಿನ ಆರಂಭದ ಬಂಡವಾಳವೇ ಸಣ್ಣದು, ಸೊಂಟದಿಂದ ಮೇಲಂತೂ ಇನ್ನೂ ಸಣ್ಣದು. ಒಂದು ವರ್ಷ ನಿಯತ್ತಾಗಿ ಎತ್ತಿದವಳ ತೋಳು ಗಟ್ಟಿಯಾಗಿ, ಒಂದು ಆಕಾರಕ್ಕೆ ಬಂದಿರುತ್ತದೆ. ಅಂಗಿಯ ತೋಳು ಹರಿಯುವಂಥದ್ದೇನೂ ಆಗಿರುವುದಿಲ್ಲ. ಸ್ಪರ್ಧೆಯ ವೇದಿಕೆಯಲ್ಲಿ ಕಾಣುವ ಮಹಿಳಾ ಬಾಡಿಬಿಲ್ಡರ್‌ಗಳ ಮೈ ಹತ್ತಾರು ವರ್ಷ ಅಳೆದು ತಿಂದು, ಅದನ್ನೇ ಕಸುಬು ಮಾಡಿಕೊಂಡವರ ಮೈ. ಅವರಲ್ಲಿ ಕೆಲವರು ಸ್ಟೀರಾಯ್ಡ್ ಕೂಡ ತೆಗೆದುಕೊಂಡಿರುತ್ತಾರೆ. ದನಿ ಗಡುಸಾಗುವುದು, ಮುಖದ ಮೇಲೆ ಕೂದಲು ಬರುವುದು ಆ ಔಷಧದಿಂದ. ಕಬ್ಬಿಣದಿಂದಲ್ಲ.

ಇಷ್ಟೆಲ್ಲ ಇದ್ದರೂ "ನಾನು ಎತ್ತಿ ನೋಡಿದೆ, ದಪ್ಪ ಆದೆ, ಬಿಟ್ಟೆ" ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹೊಸದಾಗಿ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು, ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಪೆಟ್ಟು ತಿಂದ ಸ್ನಾಯು ರಿಪೇರಿಗೆಂದು ನೀರು ಹಿಡಿದುಕೊಳ್ಳುತ್ತದೆ. ಇಂಧನವಾಗಿ ಗ್ಲೈಕೋಜನ್ ಕೂಡಿಡುತ್ತದೆ, ಅದರ ಜೊತೆಗೂ ನೀರು ಬರುತ್ತದೆ. ತಕ್ಕಡಿ ಮುಳ್ಳು ಒಂದೆರಡು ಕೆಜಿ ಮೇಲೆ ಹೋಗಬಹುದು, ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಗಬಹುದು. ಒಂದು ಸೆಟ್, ಅಂದರೆ ಬಿಡದೆ ಕೆಲವು ಸಲ ಎತ್ತುವ ಒಂದು ಸರದಿ, ಮುಗಿಸಿ ಕನ್ನಡಿ ನೋಡಿದರೆ ತೋಳು ಉಬ್ಬಿರುತ್ತದೆ, ಅದು ರಕ್ತ ನುಗ್ಗಿದ್ದರಿಂದ. ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಹೆದರಿ ಬಿಡುವವರು ಬಹುಪಾಲು ಬಿಡುವುದು ಈ ವಾರಗಳಲ್ಲೇ. ಆಮೇಲೆ "ನಾನು ಮಾಡಿದ್ದೀನಲ್ಲ, ನಂಗೊತ್ತು" ಎಂದು ಇನ್ನು ನಾಲ್ಕು ಜನಕ್ಕೆ ಹೇಳುತ್ತಾರೆ.

ಇನ್ನೂ ಒಂದು ವಿಷಯ. ಶಕ್ತಿ ಬೇರೆ, ಗಾತ್ರ ಬೇರೆ. ಆರಂಭದಲ್ಲಿ ಹೆಚ್ಚುವ ಶಕ್ತಿಯ ದೊಡ್ಡ ಪಾಲು ಬರುವುದು ನರಗಳಿಂದ. ಇರುವ ಸ್ನಾಯುವಿನಲ್ಲಿ ಹೆಚ್ಚು ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ಮೆದುಳು ಕಲಿಯುತ್ತದೆ. ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು 49 ಕೆಜಿ ವಿಭಾಗದಲ್ಲಿ. ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 87, ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115 ಕೆಜಿ. ಮೈತೂಕದ ಎರಡು ಪಟ್ಟಿಗಿಂತ ಹೆಚ್ಚನ್ನು ತಲೆಯ ಮೇಲೆತ್ತಿ ನಿಲ್ಲಿಸಿದವಳ ಮೈತೂಕ ವರ್ಷಾನುಗಟ್ಟಲೆ ಎತ್ತಿದ ಮೇಲೂ ಸ್ಪರ್ಧೆಯ ದಿನ ಐವತ್ತು ದಾಟಿರಲಿಲ್ಲ. ಭಾರ ಎತ್ತಿದವರೆಲ್ಲ ಊದುವುದೇ ನಿಜವಾಗಿದ್ದರೆ ಆ ವಿಭಾಗದಲ್ಲಿ ಸ್ಪರ್ಧಿಸಲು ಯಾರೂ ಉಳಿಯುತ್ತಿರಲಿಲ್ಲ.

ಇನ್ನು ಎರಡು ಕೆಜಿ ಡಂಬೆಲ್. ಎರಡು ವರ್ಷದ ಮಗು ಹನ್ನೊಂದು, ಹನ್ನೆರಡು ಕೆಜಿ ತೂಗುತ್ತದೆ. ಅದನ್ನು ಕಂಕುಳಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಮೂರು ಮಹಡಿ ಹತ್ತಿದ ತಾಯಿಗೆ "ಹುಷಾರಮ್ಮ, ಭುಜ ಅಗಲ ಆದೀತು" ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೆಂಗಸು ಭಾರ ಹೊರುವುದಕ್ಕೆ ಯಾರ ತಕರಾರೂ ಇಲ್ಲ ಅಂತಾಯಿತು. ತನಗೋಸ್ಕರ, ಬೇಕೆಂದೇ, ನಾಲ್ಕು ಜನರೆದುರು ಎತ್ತಿದಾಗಲೇ ತಕರಾರು ಶುರುವಾಗುವುದು.

ಹಾಗಾಗಿ ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಮಾತ್ರ ಶರೀರಶಾಸ್ತ್ರದಲ್ಲಿ ಉತ್ತರವಿದೆ. ಉಳಿದರ್ಧ ಎದುರಿಗಿದ್ದವರ ಕಣ್ಣಿನದು. "ದಪ್ಪ ಆಗಲ್ಲ, ಹೆದರಬೇಡ" ಎಂಬ ಅಭಯವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದಪ್ಪ ತೋಳಿನ ಹೆಂಗಸೆಂದರೆ ಏನೋ ಎಡವಟ್ಟು ಎಂಬ ಮಾತನ್ನು ಅದು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ತೋಳು ದಪ್ಪವಾಗಲಿ ಎಂದೇ ಎತ್ತುವ ಹೆಂಗಸರೂ ಇದ್ದಾರೆ. ಅವರಿಗೆ ಬೇಕಾದದ್ದು ಅವರಿಗೆ ಸಿಗಲಿ.

ಈ ಕಣ್ಣಿಗೆ ಹಳೆಯ ಇತಿಹಾಸವಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿಗೆ 800 ಮೀಟರ್ ಓಡಿದಾಗ, ಓಟ ಮುಗಿಸಿ ಸುಸ್ತಾದವರನ್ನು ಪತ್ರಿಕೆಗಳು ಕುಸಿದುಬಿದ್ದವರೆಂದು ಬಣ್ಣಿಸಿ ಬರೆದವು. ಆ ಓಟವನ್ನೇ ತೆಗೆದುಹಾಕಿದರು, ಮರಳಿ ಬಂದದ್ದು 1960ರಲ್ಲಿ. ಗಂಡಸರ ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು, ಹೆಂಗಸರದ್ದು ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆಜಿ ಎತ್ತಿ ಕಂಚು ಗೆದ್ದದ್ದು ಆ ಮೊದಲ ಅವಕಾಶದಲ್ಲೇ. ನಡುವೆ ಸಿಕ್ಕಾಪಟ್ಟೆ ಎತ್ತಿದವರು ಇರಲಿಲ್ಲವೆಂದಲ್ಲ. ಅಮೆರಿಕದಲ್ಲಿ ಅಬೀ ಸ್ಟಾಕ್‌ಟನ್ ಎಂಬಾಕೆ ಟೆಲಿಫೋನ್ ಆಪರೇಟರ್ ಆಗಿ ಕೂತು ಕೂತು ಮೈ ಬಂತೆಂದು ಡಂಬೆಲ್ ಹಿಡಿದವಳು, 1944ರಿಂದ ಒಂದು ವ್ಯಾಯಾಮ ಪತ್ರಿಕೆಗೆ ಹೆಂಗಸರ ಅಂಕಣವನ್ನೇ ಬರೆದಳು. ಎಂಬತ್ತು ವರ್ಷದ ಹಿಂದೆ ಆಕೆ ಉತ್ತರ ಕೊಟ್ಟ ಅನುಮಾನವನ್ನೇ ಇವತ್ತು ನಿಮ್ಮ ಟ್ರೈನರ್ ಹೊಸದೆಂಬಂತೆ ಹೇಳುತ್ತಿದ್ದಾರೆ.

ಇದು ಬರೀ ಮಾತಿನಲ್ಲಿದ್ದಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಆದರೆ ಜಿಮ್‌ನ ಸಾಮಾನುಗಳಲ್ಲೂ ಇದು ಸೇರಿಕೊಂಡಿದೆ. ಖಾಲಿ ಬಾರ್ ತೂಕ 20 ಕೆಜಿ. ಸ್ಪರ್ಧೆಯಲ್ಲಿ ಹೆಂಗಸರು ಎತ್ತುವ ಬಾರ್ ಬೇರೆಯೇ ಇದೆ: 15 ಕೆಜಿ, ದಪ್ಪ 28 ಮಿ.ಮೀ. ಬದಲು 25, ಸಣ್ಣ ಅಂಗೈಗೂ ಸರಿಯಾಗಿ ಹಿಡಿತ ಸಿಗುತ್ತದೆ. ಬಹಳಷ್ಟು ಜಿಮ್‌ಗಳಲ್ಲಿ ಅದು ಇರುವುದೇ ಇಲ್ಲ. ಈಗ ಓವರ್‌ಹೆಡ್ ಪ್ರೆಸ್, ಅಂದರೆ ಬಾರನ್ನು ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು, ಕಲಿಯಲು ಹೊರಟ ಹೆಂಗಸನ್ನು ನೆನೆಸಿಕೊಳ್ಳಿ. ಖಾಲಿ ಬಾರ್ ತಲೆಯ ಮೇಲೆ ಹೋಗುವುದಕ್ಕೇ ಕೆಲವು ವಾರ ಹಿಡಿಯಿತು. ಕೊನೆಗೊಂದು ದಿನ ಐದು ಸಲ ಸಲೀಸಾಗಿ ಎತ್ತಿದಳು. ಮುಂದಿನ ಹೆಜ್ಜೆ? ಅಲ್ಲಿರುವ ಅತಿ ಸಣ್ಣ ಪ್ಲೇಟ್ ಎರಡೂವರೆ ಕೆಜಿಯದು. ಎರಡು ಬದಿಗೆ ಹಾಕಿದರೆ 25. ಒಂದೇ ನೆಗೆತಕ್ಕೆ ಕಾಲು ಭಾಗ ಹೆಚ್ಚು. ಪಕ್ಕದ ರ‍್ಯಾಕ್‌ನಲ್ಲಿ 100 ಕೆಜಿ ಸ್ಕ್ವಾಟ್ ಮಾಡುವವನಿಗೆ ಅದೇ ಎರಡು ಪ್ಲೇಟ್ ಎಂದರೆ ಶೇಕಡಾ ಐದು. ಇವಳು ವಾರಗಟ್ಟಲೆ 25ರ ಜೊತೆ ಗುದ್ದಾಡಿ, "ಇದು ನಮ್ಮಂಥವರಿಗಲ್ಲ" ಎಂದು ಟ್ರೆಡ್‌ಮಿಲ್‌ಗೆ ವಾಪಸ್. ಟ್ರೈನರ್ "ನಾನು ಹೇಳಿರಲಿಲ್ವಾ ಮೇಡಂ" ಅನ್ನುತ್ತಾರೆ. ಒಂದೂಕಾಲು ಕೆಜಿಯ ಒಂದು ಜೊತೆ ಪ್ಲೇಟ್ ಇದ್ದಿದ್ದರೆ ಮುಗಿಯುತ್ತಿದ್ದ ಕಥೆ. ಅರ್ಧ ಕೆಜಿಯ ಪ್ಲೇಟ್ ಕೂಡ ಸಿಗುತ್ತದೆ. ಜಿಮ್‌ನವರನ್ನು ಕೇಳಿ, ಇಲ್ಲವೆಂದರೆ ನೀವೇ ಒಂದು ಜೊತೆ ಚೀಲದಲ್ಲಿ ಒಯ್ಯಿರಿ. ಮುಜುಗರ ಬೇಡ.

ಎತ್ತುವುದರ ಲಾಭಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಮತ್ತೆ ಬರೆಯುವುದಿಲ್ಲ. ಮೂಳೆಯ ಮಾತು ಮಾತ್ರ ಹೇಳುತ್ತೇನೆ, ಅಮ್ಮನಿಗೆ ಹೇಳಬೇಕಾದದ್ದೂ ಅದೇ. ಮೂಳೆ ಗಟ್ಟಿಯಾಗುತ್ತಾ ಹೋಗುವುದು ಸುಮಾರು ಮೂವತ್ತರ ತನಕ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಸವೆತ ಜೋರಾಗುತ್ತದೆ. ಮೂಳೆಗೆ ತನ್ನ ಮೇಲೆ ಭಾರ ಬಿದ್ದರೇ ಗಟ್ಟಿಯಾಗಬೇಕೆಂಬ ಸೂಚನೆ ಸಿಗುವುದು, ಎರಡು ಕೆಜಿ ಡಂಬೆಲ್‌ನಿಂದ ಅದು ಸಾಲದು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಾಗಿದ್ದ ಹೆಂಗಸರಿಂದ ಎಂಟು ತಿಂಗಳು, ವಾರಕ್ಕೆರಡು ದಿನ, ಅರ್ಧ ಗಂಟೆ ಭಾರೀ ತೂಕವನ್ನೇ ಎತ್ತಿಸಿದರು. ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್, ಸ್ಕ್ವಾಟ್, ಓವರ್‌ಹೆಡ್ ಪ್ರೆಸ್, ಜೊತೆಗೆ ನೆಗೆದು ಇಳಿಯುವುದು. ಪಕ್ಕದಲ್ಲೇ ನುರಿತವರು ನಿಂತಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನದು ಇಳಿದಿತ್ತು. ಅಮ್ಮನಿಗೆ ಮೂಳೆ ಸವೆತದ ಮಾತ್ರೆ ಶುರುವಾಗಿದ್ದರೆ ವೈದ್ಯರನ್ನು ಕೇಳಿಕೊಂಡು ನಿಮ್ಮ ಜೊತೆಗೇ ಕರೆದುಕೊಂಡು ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆನ್ನುತ್ತದೆ. ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ.

ನಿಜವಾಗಿ ಎಚ್ಚರ ವಹಿಸಬೇಕಾದ ಸಂಗತಿಗಳು ಬೇರೆ ಇವೆ, ಅವನ್ನು ಯಾರೂ ಹೇಳುವುದಿಲ್ಲ. ಭಾರ ಎತ್ತುವಾಗ ಹನಿ ಮೂತ್ರ ಜಾರುವುದು, ಅದರಲ್ಲೂ ಹೆರಿಗೆಯಾದವರಲ್ಲಿ, ಅಪರೂಪವೇನಲ್ಲ. ನಾಚಿಕೊಂಡು ಸುಮ್ಮನಿರುವ ಬದಲು ಸೊಂಟದ ತಳದ ಸ್ನಾಯುಗಳ ಬಗ್ಗೆ ತಿಳಿದ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎತ್ತಲು ಶುರುಮಾಡಿ ಊಟ ಕಡಿಮೆ ಮಾಡಿದರೆ ಮುಟ್ಟು ತಪ್ಪಬಹುದು. ಆಗ ದೂರು ತೂಕದ ಮೇಲೆ ಬರುತ್ತದೆ, ತಪ್ಪು ತಟ್ಟೆಯದು. ಮುಟ್ಟಿನ ದಿನಗಳಲ್ಲಿ ಎತ್ತಬಾರದೆಂಬ ನಿಯಮವಿಲ್ಲ, ಮೈ ಕೇಳಿದಷ್ಟು ಮಾಡಿ. ಗರ್ಭಿಣಿಯಾದರೆ ವೈದ್ಯರ ಮಾತು ಮುಂದು.

ಈಗ ಟ್ರೈನರ್ ವಿಷಯಕ್ಕೆ ಬರೋಣ. "ಮಾಡಬಹುದಾ?" ಎಂದು ಕೇಳಬೇಡಿ. "ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್ ಕಲಿಸಿ, ವಾರಕ್ಕೆ ಎರಡು ದಿನ ಬರ್ತೀನಿ" ಎನ್ನಿ. ಕಲಿಸಲು ಬಾರದ ಕೆಲವರು 'ಹೆಂಗಸರಿಗೆ ಬೇಡ' ಎಂಬುದರ ಹಿಂದೆ ಅಡಗಿಕೊಂಡಿರುತ್ತಾರೆ, ಬೇರೊಬ್ಬರನ್ನು ಹುಡುಕಿ. ಎತ್ತಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಏನು ಮಾಡಬೇಕೆಂಬುದು ಅಲ್ಲೇ ಇರುತ್ತದೆ, ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕೇಳದೆ ಸಲಹೆ ಕೊಡುವವರು ಬಂದೇ ಬರುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಮುಂದಿನ ಸೆಟ್‌ಗೆ ಉಸಿರು ಹಿಡಿಯುತ್ತಿರುವಾಗಲೇ ಭುಜ ತಟ್ಟಿ, "ಸಿಸ್ಟರ್, ಬೆನ್ನು ಸ್ವಲ್ಪ ನೇರ" ಅನ್ನುವವರು. ಅವರೇ ತಮ್ಮ ಗೆಳೆಯ ಬಿಲ್ಲಿನಂತೆ ಬಾಗಿ ಡೆಡ್‌ಲಿಫ್ಟ್ ಮಾಡುತ್ತಿದ್ದರೆ ತುಟಿ ಬಿಚ್ಚುವುದಿಲ್ಲ. "ಥ್ಯಾಂಕ್ಸ್, ನನ್ನ ಟ್ರೈನರ್ ನೋಡ್ಕೋತಾರೆ" ಅಷ್ಟು ಸಾಕು, ವಾದಕ್ಕಿಳಿದರೆ ಸೆಟ್ ಹಾಳು. ದಿಟ್ಟಿಸಿ ನೋಡುವುದು, ವಿಡಿಯೋ ಮಾಡುವುದು ನಡೆದರೆ ಮಾತ್ರ ಸುಮ್ಮನಿರಬೇಡಿ, ನೇರ ಆಡಳಿತದವರಿಗೆ ಹೇಳಿ.

ಮಲಗಿಕೊಂಡು ಎದೆಯ ಮೇಲಿಂದ ಬಾರ್ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಮಾತ್ರ ತಲೆಯ ಹತ್ತಿರ ಒಬ್ಬರು ನಿಂತಿರಲೇಬೇಕು, ಎದೆಯ ಮೇಲೆ ಬಾರ್ ಸಿಕ್ಕಿಕೊಂಡರೆ ಅಪಾಯ. ಪಕ್ಕದವರನ್ನು ಧಾರಾಳವಾಗಿ ಕೇಳಿ, ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಹೆಂಗಸಿನ ಬಾರ್ ಕೊಂಚ ನಿಧಾನವಾದರೆ ಸಾಕು, ತಟ್ಟನೆ ಹಿಡಿದು ತಾವೇ ಎತ್ತಿಬಿಡುವ ಅಭ್ಯಾಸ ಬಹಳ ಜನಕ್ಕಿದೆ. ಹಾಗೆ ಎತ್ತಿಕೊಟ್ಟದ್ದು ನಿಮ್ಮ ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲ. ಮಲಗುವ ಮೊದಲೇ ಹೇಳಿಬಿಡಿ: "ಬಾರ್ ಕೆಳಗಿಳಿಯೋಕೆ ಶುರುವಾದ್ರೆ ಮಾತ್ರ ಮುಟ್ಟಿ. ಅಲ್ಲೀವರೆಗೆ ಕೈ ದೂರ ಇರಲಿ."